ಬಣ್ಣಾ ಬಿಡೋ ನೀಲಿ

ಹ್ವಾದ ಶ್ರಾವಣದಾಗ ಮಗನ ಹೊಸಾ ಜೀನ್ಸ್ ಪ್ಯಾಂಟು ಬಣ್ಣಾ ಬಿಟ್ಟು ಇವರ ಧೋತ್ರ ಅರ್ಧ ನೀಲಿ ಆತು. ಒಗ್ಯಾಣಕ್ಕ ಬರೋ ಅಕ್ಕಗ ಬಾಯಿಗೆ ಬಂದಂಗ ಅಂದೆ. "ಬ್ಯಾರೆ ಬಕೀಟಿನ್ಯಾಗನ ನೆನಿ ಇಟ್ಟಿದ್ದೆರಿ ಬಾಯಾರ, ಹಗ್ಗದ ಮ್ಯಾಲೆ ಹಸಿ ತಾಗೇದ. ಈ ಅರಿವಿ ಬಣ್ಣಾ ಬಿಡೂದ" ಅಂದ್ಳು. ನಾ ಕೇಳಲಿಲ್ಲ. ಪಗಾರದಾಗ 100 ರೂಪಾಯಿ ಹಿಡದೆ. ಆಮ್ಯಾಲೆ ಈ ನೀಲಿ ಕಥಿ ಓದಿಕೋತ ಹೋದಂಗ ನನಗ ನಾಚಿಕಿ ಆತು.

ಜೀನ್ಸಿಗೆ ಹಾಕೋ ಬಣ್ಣ ನೀಲಿ, ಅಂದ್ರ ಇಂಡಿಗೋ. ಅದು ನೀರಾಗ ಹಂಗ ಕರಗಂಗಿಲ್ಲ. ಗುಡಾಣದಾಗ ಹದಾ ಮಾಡಿದ್ರ ಹಳದಿ-ಹಸರಾಗಿ ಕರಗ್ತದ. ನೂಲು ಅದ್ದಿ ಹೊರಗ ತಗದ್ರ ಗಾಳಿ ತಾಗಿ ಕಣ್ಣ ಮುಂದನ ನೀಲಿ ಆಗ್ತದ. ಆದ್ರ ಬಣ್ಣ ನೂಲಿನ ಹೊಟ್ಟಿ ತನಕ ಹೋಗಂಗಿಲ್ಲ, ಮ್ಯಾಲಿಂದ ಮ್ಯಾಲೆ ಕೂಡ್ತದ. ತಿಕ್ಕಿದಂಗ ಉದುರಿ ಒಳಗಿನ ಬಿಳಿ ಕಾಣ್ತದ. ಅಡ್ಡ ನೂಲಂತೂ ಮೊದಲಿಂದ ಬಿಳೀನ. ಪ್ಯಾಂಟು ತಿರುವಿ ನೋಡ್ರಿ. ನಮ್ಮ ಕಡೆ ಈ ಕೆಲಸಾ ಮಾಡೋರಿಗೆ ನೀಲಗಾರ ಅಂತಿದ್ರು, ಆ ಅಡ್ಡಹೆಸರು ಇನ್ನೂ ಅದ.

ಜೀನ್ಸ್ ಅನ್ನೋ ಹೆಸರು ಇಟಲಿಯ ಜಿನೋವಾ ಊರಿಂದ ಬಂದದ್ದು. ಡಂಗರಿ ಅಂತೀವಲ್ಲ, ಅದು ಮುಂಬೈ ಡೋಂಗ್ರಿ ಕಡೆ ಮಾರ್ತಿದ್ದ ಒರಟು ಅರಿವಿ. ತಾಮ್ರದ ಗುಂಡಿ ಬಡದದ್ದು ಅಮೇರಿಕಾದ ರೀನೋ ಊರಿನ ಸಿಂಪಿಗ ಜೇಕಬ್ ಡೇವಿಸ್. ಕಟ್ಟಿಗಿ ಕಡಿಯಾವನ ಹೆಂಡತಿ ಒಬ್ಬಾಕಿ ಬಂದು, ಗಂಡಗ ಹರಿಯಲಾರದಂಥಾ ಪ್ಯಾಂಟು ಹೊಲದು ಕೊಡು ಅಂದ್ಳಂತ. ಹೊಲದು ಹೊಲದು ಬ್ಯಾಸತ್ತಿರಬೇಕು, ಪಾಪ! ಪೇಟೆಂಟಿಗೆ ಡೇವಿಸನ ಕಡೆ ರೊಕ್ಕ ಇರಲಿಲ್ಲ. ಅರಿವಿ ವ್ಯಾಪಾರಿ ಲೀವೈ ಸ್ಟ್ರಾಸ್ ಜೋಡಿ ಕೂಡಿ 1873ರ ಮೇ 20ಕ್ಕ ತಗೊಂಡ. ಆ ಹೆಂಗಸಿನ ಹೆಸರು ಯಾರೂ ನೆನಪಿಟ್ಟಿಲ್ಲ.

ಆದ್ರ ನೀಲಿ ಕಥಿ ಇಷ್ಟು ಛಂದ ಇಲ್ಲ. ಆಗ ಯುರೋಪಿಗೆ ಹೋಗ್ತಿದ್ದ ನೀಲಿ ಭಾಳಷ್ಟು ಬಂಗಾಲದ್ದು. ಬಿಳೀ ಸಾಹೇಬರು ರೈತರಿಗೆ ಮುಂಗಡಾ ಕೊಟ್ಟು, ಭತ್ತ ಬೆಳೆಯೋ ಹೊಲದಾಗ ಜುಲುಮಿಲೆ ನೀಲಿ ಹಾಕಸ್ತಿದ್ರು. ಸಾಲ ಅಪ್ಪನಿಂದ ಮಗಗ ಬರ್ತಿತ್ತು. 1859ರಾಗ ರೈತರು ನೀಲಿ ಬಿತ್ತಂಗಿಲ್ಲ ಅಂತ ಎದ್ದು ನಿಂತ್ರು. ಬಿಹಾರದ ಚಂಪಾರಣ್ಯದಾಗ ಮಾತ್ರ 20 ಕಟ್ಠಾ ಹೊಲದಾಗ 3 ಕಟ್ಠಾ ನೀಲಿ ಹಾಕಬೇಕು ಅನ್ನೋ ಕಟ್ಟಳಿ ಉಳೀತು. 1897ರಾಗ ಜರ್ಮನಿಯವರು ಕಾರಖಾನಿ ನೀಲಿ ಮಾರಾಕ ಹತ್ತಿದ್ರು, ಬೆಲಿ ಬಿತ್ತು. ರೈತರು ಬಚಾವಾದ್ರು ಅಂದ್ಕೊಂಡ್ರಿ? ಲುಕಸಾನೂ ಅವರ ತಲೀಗೇ ಕಟ್ಟಿ ಸಾಹೇಬರು ಗೇಣಿ ಏರಿಸಿದ್ರು. 1917ರಾಗ ಗಾಂಧೀಜಿ ಅಲ್ಲಿಗೆ ಹೋದ್ರು, ಮರುವರ್ಷ ಕಾಯದೆ ಬಂದು ಆ ಕಟ್ಟಳಿ ಹ್ವಾತು.

ನಷ್ಟಾ ಒಬ್ಬರದು, ತುಂಬೋರು ಮತ್ತೊಬ್ಬರು. ಅಲ್ಲಿಗೆ ಬಂದಾಗ ಪುಸ್ತಕಾ ಮುಚ್ಚಿ ಇಟ್ಟೆ. ನನ್ನ 100 ರೂಪಾಯಿ ನೆನಪಾತು.

ಈಗ ಪ್ಯಾಂಟು ಒಳಗಿಂದ ಹೊರಗ ತಿರುವಿ, ತಣ್ಣೀರಾಗ ಒಂದ ಒಗೀತೀವಿ, ನೆರಳಿಗೆ ಹಾಕ್ತೀವಿ, ಬಿಳೀವು ಬ್ಯಾರೆ ಹಗ್ಗಕ್ಕ. ಉಪ್ಪು ಹಾಕಿದ್ರ ಬಣ್ಣ ನಿಲ್ತದ ಅಂತಾರ ನಮ್ಮತ್ತಿ. ಈ ನೀಲಿಗೆ ಅದು ನಡಿಯಂಗಿಲ್ಲ. ರೊಕ್ಕ ತಿರುಗಿ ಕೊಟ್ಟಾಗ ಅಕ್ಕ ಎಣಿಸಿ ಸೀರಿ ಸೆರಗಿಗೆ ಕಟ್ಟಿಕೊಂಡು, "ಧೋತ್ರದ ಕಲಿ ಇನ್ನೂ ಹೋಗಿಲ್ಲೇನ್ರಿ?" ಅಂದ್ಳು. ಹೋಗಿಲ್ಲ.