ಮಿಸ್ಟರ್ ಬ್ರೌನ್ ತರಗತಿಯ ಅಲಿ ನದೀಮ್

ನಮ್ಮ ಮಾಮು ಸೌದಿಯಿಂದ ರಜೆಗೆ ಬಂದಾಗ ತಂದ ವಿಡಿಯೋ ಕ್ಯಾಸೆಟ್ಟುಗಳಲ್ಲಿ ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಕೂಡ ಇತ್ತು. ಮನೆಮಂದಿಯೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು. ಮೊನ್ನೆ ಅದನ್ನು ಮಗಳಿಗೆ ತೋರಿಸಬೇಕೆನಿಸಿ ಮತ್ತೆ ನೋಡಿದೆವು.

ಲಂಡನ್ನಿನ ಒಂದು ಸಂಜೆ ಶಾಲೆ. ಹೊರದೇಶದವರಿಗೆ ಇಂಗ್ಲಿಷ್ ಕಲಿಸುವ ಮೇಷ್ಟ್ರು ಮಿಸ್ಟರ್ ಬ್ರೌನ್. ಪಾಕಿಸ್ತಾನದ ಅಲಿ ನದೀಮ್, ಪಂಜಾಬಿನ ರಂಜೀತ್ ಸಿಂಗ್, ಸದಾ ಉಣ್ಣೆ ಹೆಣೆಯುತ್ತ ಕೂರುವ ಜಮೀಲಾ, ಇನ್ನೂ ಹಲವರು ವಿದ್ಯಾರ್ಥಿಗಳು. ವಿನ್ಸ್ ಪೊವೆಲ್ ಬರೆದ ಈ ಹಾಸ್ಯ ಧಾರಾವಾಹಿ 1977ರ ಡಿಸೆಂಬರಿನಿಂದ 1979ರವರೆಗೆ 29 ಕಂತುಗಳಲ್ಲಿ ಪ್ರಸಾರವಾಯಿತು. ಮೊದಮೊದಲು ಜಮೀಲಾಗೆ ಇಂಗ್ಲಿಷ್ ಬಾರದು, ತನ್ನ ಮಾತಿನಲ್ಲೇ ಉತ್ತರಿಸುತ್ತಾಳೆ. ಪ್ರೇಕ್ಷಕರು ಗೊಳ್ಳೆಂದು ನಗುತ್ತಾರೆ. ಮಗಳು ಕೇಳಿದಳು: “ಅಬ್ಬಾ, ಅವಳು ಹೇಳಿದ್ದು ಸರಿಯಾಗೇ ಇದೆಯಲ್ಲ, ಅದರಲ್ಲಿ ನಗೋದೇನಿದೆ?”

ಈ ಪ್ರಶ್ನೆ ಅಂದು ನಮಗೆ ಹೊಳೆದಿರಲಿಲ್ಲ. ಈಗ ಕಿವಿಗೊಟ್ಟು ಕೇಳಿದರೆ ಅಲಿಯ ತಪ್ಪುಗಳೂ ಉರ್ದು ಬಲ್ಲವರ ತಪ್ಪುಗಳಲ್ಲ. ಉರ್ದು ನಾಲಿಗೆ ‘ಸ್ಕೂಲ್’ ಎನ್ನಲು ಹೋಗಿ ‘ಇಸ್ಕೂಲ್’ ಎನ್ನುತ್ತದೆ. ಅಲಿಯಾದರೋ ‘ಎಕ್ಸ್‌ಕ್ಯೂಸ್ ಮಿ’ ಎನ್ನುವ ಬದಲು ‘ಸ್ಕ್ವೀಜ್ ಮಿ’ ಎನ್ನುತ್ತಾನೆ. ಇದು ಇಂಗ್ಲಿಷ್ ಚೆನ್ನಾಗಿ ಬಲ್ಲವನು ಕೂತು ಹೆಣೆದ ಶ್ಲೇಷೆ. ಅಂದರೆ ಪೊವೆಲ್ ನಮ್ಮ ಮಾತನ್ನು ಕೇಳಿ ಬರೆದವರಲ್ಲ. ತಮ್ಮ ಮಾತಿನ ಚಮತ್ಕಾರವನ್ನು ನಮ್ಮ ಬಾಯಿಗೆ ಇಟ್ಟವರು.

ಆ ಕಾಲದ ಬ್ರಿಟಿಷ್ ಟಿ.ವಿ.ಯಲ್ಲಿ ಇದೇನೂ ಹೊಸದಲ್ಲ. 1969ರ ‘ಕರಿ ಅಂಡ್ ಚಿಪ್ಸ್’ನಲ್ಲಿ ಸ್ಪೈಕ್ ಮಿಲಿಗನ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಪಾಕಿಸ್ತಾನಿ ಮೂಲದವನಾಗಿದ್ದರು, ಅದು ಆರೇ ಕಂತಿಗೆ ನಿಂತಿತು. ಅಲಿಯ ಪಾತ್ರಧಾರಿ ದಿನೋ ಶಫೀಕ್ ಹುಟ್ಟಿದ್ದು ಢಾಕಾದಲ್ಲಿ. ‘ಇಟ್ ಏಂಟ್ ಹಾಫ್ ಹಾಟ್ ಮಮ್’ ಎಂಬ ಇನ್ನೊಂದು ಧಾರಾವಾಹಿಯಲ್ಲಿ ಅವರಿಗೆ ಸಿಕ್ಕಿದ್ದು ಚಹಾ ಮಾರುವ ಮುಹಮ್ಮದನ ಪಾತ್ರ. ಅದರಲ್ಲೇ ಇನ್ನೂ ದೊಡ್ಡದಾಗಿದ್ದ ರಂಗಿರಾಮ್ ಎಂಬ ಭಾರತೀಯನ ಪಾತ್ರ ಬಣ್ಣ ಬಳಿದುಕೊಂಡ ಮೈಕೆಲ್ ಬೇಟ್ಸ್‌ಗೆ ಹೋಯಿತು. ಶಫೀಕ್ 1984ರಲ್ಲಿ ತೀರಿಕೊಂಡರು. ಅವರ ಕಣ್ಣಿನ ಚುರುಕು, ಮಾತಿನ ಲಯ ಇಂದಿಗೂ ನಮಗೆ ಇಷ್ಟವೇ. ನಟನೆ ಹಳತಾಗಿಲ್ಲ, ಅದಕ್ಕೆ ಕೊಟ್ಟ ಮಾತು ಹಳಸಿದೆ.

ಇದೇ ಧಾರಾವಾಹಿಯ ಮೊದಲ ಸರಣಿ ಮುಗಿದು ಎರಡನೆಯದು ಬರುವ ಮುನ್ನ, 1978ರ ಮೇ 4ರ ಸಂಜೆ, ಪೂರ್ವ ಲಂಡನ್ನಿನಲ್ಲಿ ಅಲ್ತಾಬ್ ಅಲಿ ಎಂಬ ಬಂಗಾಳಿ ಯುವಕ ಬಟ್ಟೆ ಹೊಲಿಯುವ ಕೆಲಸ ಮುಗಿಸಿ ಮನೆಗೆ ನಡೆದುಹೋಗುತ್ತಿದ್ದ. ದಾರಿಯಲ್ಲಿ ಹದಿಹರೆಯದ ಮೂವರು ಅವನನ್ನು ಇರಿದು ಕೊಂದರು. ಹತ್ತು ದಿನಗಳ ನಂತರ ಸಾವಿರಾರು ಬಂಗಾಳಿಗಳು ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ನಿವಾಸದವರೆಗೆ ನಡೆದರು. ಅಲ್ಲಿನ ಉದ್ಯಾನಕ್ಕೆ 1998ರಲ್ಲಿ ಅವನ ಹೆಸರಿಟ್ಟರು. ಧಾರಾವಾಹಿ ಈ ಕೊಲೆ ಮಾಡಿಸಿತು ಎಂದು ನಾವು ಹೇಳುತ್ತಿಲ್ಲ, ಹಾಗೆನ್ನುವುದು ಅನ್ಯಾಯ. ಆದರೆ ಇಬ್ಬರು ಅಲಿಗಳೂ ಒಂದೇ ನಗರದಲ್ಲಿದ್ದರು. ಜನಪ್ರಿಯವಾಗಿದ್ದಾಗಲೇ ಇದನ್ನು ನಿಲ್ಲಿಸಿದ್ದು ಎಲ್‌ಡಬ್ಲ್ಯುಟಿಯ ಮೈಕೆಲ್ ಗ್ರೇಡ್. ಜನಾಂಗಗಳನ್ನು ಹೀಗೆ ಅಚ್ಚಿಗೆ ಹಾಕುವುದು ಅವರಿಗೆ ಸಹ್ಯವಾಗಲಿಲ್ಲ.

ಇದರ ನೆರಳಲ್ಲೇ 1993ರಲ್ಲಿ ದೂರದರ್ಶನಕ್ಕೆ ಪಂಕಜ್ ಕಪೂರರ ‘ಜಬಾನ್ ಸಂಭಾಲ್ಕೆ’ ಬಂತು. ಅಲ್ಲಿ ಕಲಿಸುವುದು ಹಿಂದಿ; ನಗೆಪಾಟಲಾಗುವವರಲ್ಲಿ ನಮ್ಮ ದಕ್ಷಿಣದವನೂ ಒಬ್ಬ. ಅದಕ್ಕೂ ನಕ್ಕೆವು. ಉರ್ದು ಬಲ್ಲ ನಾವು ಅಲ್ಲಿ ಮೇಷ್ಟ್ರ ಪಕ್ಷ!

ಏಳನೆಯವರೆಗೆ ಉರ್ದು ಶಾಲೆಯಲ್ಲಿ ಓದಿ ಕನ್ನಡ ಹೈಸ್ಕೂಲು ಸೇರಿದ ಮೊದಲ ತಿಂಗಳು, ತಡವಾಗಿ ಬಂದದ್ದೇಕೆಂದು ಮೇಷ್ಟ್ರು ಕೇಳಿದಾಗ ನಾವು “ಮಳೆ ಬಂದಳು ಸಾರ್” ಎಂದಿದ್ದೆವು. ಉರ್ದುವಿನಲ್ಲಿ ಬಾರಿಶ್ ಸ್ತ್ರೀಲಿಂಗ. ತರಗತಿ ನಕ್ಕಿತು, ಮೇಷ್ಟ್ರೂ ನಕ್ಕರು. ಮೂರು ವರ್ಷ ಮಳೆಗಾಲ ಬಂದಾಗಲೆಲ್ಲ “ಬಂದಳಾ?” ಎಂದು ಹಿಂದಿನ ಬೆಂಚಿನಿಂದ ಕೇಳುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ನಾವೇ.