ಪಾಸ್ ಯಾರಿಗೆ? ಜಪಾನಿನ ಕ್ರೀಡಾ ಮಂಗಾಗಳಲ್ಲಿ ಗೆಳೆತನ ಮತ್ತು ಗೆಲುವಿನ ಜಗಳ

ಇವತ್ತಿನ ಮಾತು ಮಂಗಾ ಬಗ್ಗೆ. ಮಂಗ ಅಲ್ಲ ಸ್ವಾಮಿ, ಮಂಗಾ. ಜಪಾನಿನ ಚಿತ್ರಕಥೆಗಳು. ಪುಣೆಯಲ್ಲೋ ಹೈದರಾಬಾದಿನಲ್ಲೋ ಪಿಜಿ ರೂಮಿನಲ್ಲಿ ಕೂತು, ಬೆಳಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗ್ ಇದ್ದರೂ ರಾತ್ರಿ ಎರಡು ಗಂಟೆವರೆಗೆ ಹೈಕ್ಯೂ, ಬ್ಲೂ ಲಾಕ್ ನೋಡಿದವರು ನಮ್ಮಲ್ಲಿ ಸುಮಾರು ಜನ ಇದ್ದೀರಿ. ಆ ಕಥೆಗಳ ಹಿಂದೆ ಹೆಚ್ಚುಕಡಿಮೆ ಅರುವತ್ತು ವರ್ಷದ ಒಂದು ಜಗಳ ಇದೆ. ಜಗಳ ಇಷ್ಟೇ: ತಂಡ ಗೆಲ್ಲಬೇಕಾದರೆ ಅದರೊಳಗಿನವರು ಸ್ನೇಹಿತರಾಗಿರಲೇಬೇಕಾ? ಸ್ನೇಹ ಉಳಿಸಿಕೊಳ್ಳೋಕೆ ಹೋದರೆ ಗೆಲುವು ಕೈತಪ್ಪುತ್ತಾ?

ಮೊದಲು ಮೂರು ಪದ ನೆನಪಿಟ್ಟುಕೊಳ್ಳಿ. 1968ರಲ್ಲಿ ಶುಯೇಶಾ ಪ್ರಕಾಶನ ‘ಶೋನೆನ್ ಜಂಪ್’ ಅನ್ನೋ ಹುಡುಗರ ಪತ್ರಿಕೆ ಶುರು ಮಾಡಿತು. ಮರುವರ್ಷ ಅದು ವಾರಪತ್ರಿಕೆ ಆಯ್ತು. ತೊಂಬತ್ತರ ದಶಕದ ನಡುವಿಗೆ ಬರೋ ಹೊತ್ತಿಗೆ ಒಂದೇ ಸಂಚಿಕೆ 65 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾಗಿತ್ತು. ಇದರ ಮಂತ್ರ ಮೂರು ಪದ: ಯೂಜೊ, ದೊರ್ಯೊಕು, ಶೋರಿ. ಗೆಳೆತನ, ಪರಿಶ್ರಮ, ಗೆಲುವು. ನಿಮ್ಮ ಮನಸ್ಸನ್ನು ಬೆಚ್ಚಗೆ ಮಾಡೋ ಪದ ಯಾವುದು, ಮುಖ್ಯ ಅನ್ನಿಸೋದು ಯಾವುದು, ಖುಷಿ ಕೊಡೋದು ಯಾವುದು ಅಂತ ಶಾಲೆ ಮಕ್ಕಳನ್ನೇ ಕೇಳಿ ಇವನ್ನ ಆರಿಸಿದರು ಅನ್ನೋ ಕಥೆ ಇದೆ. ಪೋಸ್ಟರ್ ಮೇಲೆ ಮೂರೂ ಅಣ್ಣತಮ್ಮಂದಿರ ಹಾಗೆ ಸಾಲಾಗಿ ನಿಲ್ಲುತ್ತವೆ. ಮೈದಾನಕ್ಕಿಳಿದ ಮೇಲೆ ಮಾತ್ರ ಮೊದಲನೆಯದಕ್ಕೂ ಮೂರನೆಯದಕ್ಕೂ ಆಗಿಬರೋದಿಲ್ಲ. ಇದು ನಮಗೆ ಗೊತ್ತಿಲ್ಲದ್ದೇನಲ್ಲ. ಆಫೀಸಿನ ಗೋಡೆ ಮೇಲೆ ‘ಒನ್ ಟೀಮ್’ ಅಂತ ದೊಡ್ಡದಾಗಿ ಬರೆದಿರ್ತಾರೆ, ಅಪ್ರೈಸಲ್ ಬಂತು ಅಂದರೆ ಅದೇ ಟೀಮಿನವರನ್ನು ಬೆಲ್ ಕರ್ವ್ ಮೇಲೆ ಕೂರಿಸ್ತಾರೆ.

ಜಂಪ್ ಹುಟ್ಟೋಕೆ ನಾಲ್ಕು ವರ್ಷ ಮೊದಲು, 1964ರ ಟೋಕಿಯೊ ಒಲಿಂಪಿಕ್ಸ್. ಅಕ್ಟೋಬರ್ 23ರಂದು ಜಪಾನಿನ ಮಹಿಳಾ ವಾಲಿಬಾಲ್ ತಂಡ ಸೋವಿಯತ್ ಒಕ್ಕೂಟವನ್ನು 3-0ಯಿಂದ ಸೋಲಿಸಿ ಚಿನ್ನ ಗೆದ್ದಿತು. ಟೋಕಿಯೊ ಪ್ರದೇಶದಲ್ಲಿ ಆ ಪಂದ್ಯದ ಟಿವಿ ರೇಟಿಂಗ್ 66.8 ಶೇಕಡಾ. ತಂಡದ ಬಹುತೇಕ ಹುಡುಗಿಯರು ನಿಚಿಬೊ ಅನ್ನೋ ಬಟ್ಟೆ ಮಿಲ್ಲಿನ ನೌಕರರು. ಹಗಲು ಮಿಲ್ಲಿನ ಕೆಲಸ, ಆಮೇಲೆ ನಡುರಾತ್ರಿವರೆಗೆ ಅಭ್ಯಾಸ. ಕೋಚ್ ಹಿರೊಬುಮಿ ದೈಮಾತ್ಸು ಬರೆದ ಪುಸ್ತಕದ ಹೆಸರೇ ‘ನನ್ನ ಹಿಂದೆ ಬನ್ನಿ’. ಇಲ್ಲಿ ಗೆಳೆತನದ ಪ್ರಶ್ನೆಯೇ ಏಳೋದಿಲ್ಲ. ಮುಂದೆ ಒಬ್ಬ ನಡೀತಾನೆ, ಉಳಿದವರು ಹಿಂಬಾಲಿಸ್ತಾರೆ. ಆ ಕಾಲದ ಕ್ರೀಡಾ ಮಂಗಾಗಳ ಉಸಿರೂ ಇದೇ.

ಅದರಲ್ಲಿ ಹಿರಿಯಣ್ಣ ‘ಕ್ಯೋಜಿನ್ ನೊ ಹೋಶಿ’. ಇಕ್ಕಿ ಕಾಜಿವಾರಾ ಬರೆದು ನೊಬೊರು ಕವಾಸಾಕಿ ಚಿತ್ರ ಬಿಡಿಸಿದ ಬೇಸ್‌ಬಾಲ್ ಕಥೆ. ಇದು ಬಂದಿದ್ದು ಜಂಪ್‌ನಲ್ಲಲ್ಲ, ಕೊಡಾನ್ಶಾದ ‘ಶೋನೆನ್ ಮ್ಯಾಗಜಿನ್’ನಲ್ಲಿ, 1966ರಿಂದ 1971ರವರೆಗೆ. ನಾಯಕ ಹ್ಯೂಮಾ, ಅಪ್ಪ ಇತ್ತೆತ್ಸು. ಅಪ್ಪ ಮಗನ ಮೈಗೆ ಸ್ಪ್ರಿಂಗುಗಳ ಕವಚ ಕಟ್ಟಿ ಬೆಳೆಸ್ತಾನೆ. ಇಲ್ಲಿ ನಮ್ಮ ದೇಶಕ್ಕೆ ಒಂದು ಕೊಂಡಿ ಇದೆ. 2012ರ ಡಿಸೆಂಬರ್‌ನಲ್ಲಿ ಇದೇ ಕಥೆ ಹಿಂದಿಯಲ್ಲಿ ‘ಸೂರಜ್: ದಿ ರೈಸಿಂಗ್ ಸ್ಟಾರ್’ ಆಗಿ ಕಲರ್ಸ್ ಚಾನೆಲ್‌ನಲ್ಲಿ ಬಂತು. ಬೇಸ್‌ಬಾಲ್ ಜಾಗದಲ್ಲಿ ಕ್ರಿಕೆಟ್, ಟೋಕಿಯೊ ಜಾಗದಲ್ಲಿ ಮುಂಬೈ. ಸ್ಪ್ರಿಂಗ್ ಕವಚ ಮಕ್ಕಳ ಹಿಂಸೆಯ ಹಾಗೆ ಕಾಣುತ್ತೆ ಅಂತ ಅದರ ಬದಲು ಸೈಕಲ್ ಟ್ಯೂಬ್ ಹಾಕಿದರು. ನೋಡಿ, ಜಪಾನಿನ 1966ರ ಪರಿಶ್ರಮ ನಮ್ಮ 2012ರ ಟಿವಿಗೆ ಬರೋವಾಗ ಸ್ವಲ್ಪ ಮೆತ್ತಗಾಗಬೇಕಾಯ್ತು.

ಸ್ಪ್ರಿಂಗಿಗಿಂತ ಕ್ರೂರವಾದದ್ದು ಆ ಕಥೆಯಲ್ಲಿ ಇನ್ನೊಂದಿದೆ. ಹ್ಯೂಮಾ ಬಾಲ್ ಎಸೆಯೋನು, ಅದನ್ನು ಹಿಡಿಯೋನು ಬಾನ್. ಹ್ಯೂಮಾನ ಭಯಂಕರ ಎಸೆತವನ್ನು ಹಿಡಿಯಬಲ್ಲ ಜೀವದ ಗೆಳೆಯ. ಮುಂದೆ ಅಪ್ಪ ಎದುರಾಳಿ ತಂಡ ಚುನಿಚಿಗೆ ಕೋಚ್ ಆಗ್ತಾನೆ. ಆಗಿ ಏನು ಮಾಡ್ತಾನೆ? ಬಾನ್‌ನನ್ನು ಆ ತಂಡಕ್ಕೆ ಸೆಳೆದು, ಮಗನ ಎದುರಿಗೆ ನಿಲ್ಲಿಸ್ತಾನೆ. ಮಗ ಪೂರ್ತಿ ಗಂಡಸಾಗಬೇಕಾದರೆ ಗೆಳೆಯ ಶತ್ರುವಾಗಬೇಕು ಅನ್ನೋದು ಆ ಅಪ್ಪನ ಲೆಕ್ಕ. ಕಡೆಗೆ ಚುನಿಚಿ ವಿರುದ್ಧದ ಪಂದ್ಯದಲ್ಲೇ ಹ್ಯೂಮಾನ ಎಡಗೈ ಮುಗಿದುಹೋಗುತ್ತೆ. ಕಾಜಿವಾರಾ ಇದನ್ನು ತಪ್ಪು ಅಂತ ತೋರಿಸಲಿಲ್ಲ, ದುರಂತ ಅಂತ ತೋರಿಸಿದ. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಎಂಬತ್ತರ ದಶಕವನ್ನು ಬೇಗ ದಾಟೋಣ. 1981ರಲ್ಲಿ ಯೊಯಿಚಿ ತಕಾಹಾಶಿಯ ‘ಕ್ಯಾಪ್ಟನ್ ತ್ಸುಬಾಸಾ’ ಬಂತು. ಅಲ್ಲಿ ಚೆಂಡೇ ಗೆಳೆಯ, ಮೈದಾನಕ್ಕೆ ಬಿಸಿಲು ಬಂದ ಹಾಗಿತ್ತು. ಜಪಾನಿನ ಹುಡುಗರು ಫುಟ್‌ಬಾಲ್ ಕಡೆ ತಿರುಗಿದ್ದಕ್ಕೆ ಇದೂ ಒಂದು ಕಾರಣ ಅಂತ ಹೇಳ್ತಾರೆ. ನನ್ನ ಮಟ್ಟಿಗೆ ಅಲ್ಲಿ ಜಗಳವೇ ಇಲ್ಲ, ಎಲ್ಲರೂ ತೀರಾ ಒಳ್ಳೆಯವರು.

ಅಸಲಿ ಉತ್ತರ ಬಂದಿದ್ದು 1990ರಲ್ಲಿ ಜಂಪ್‌ನಲ್ಲಿ ಶುರುವಾದ ತಕೆಹಿಕೊ ಇನೊವೆಯ ‘ಸ್ಲ್ಯಾಮ್ ಡಂಕ್’ನಲ್ಲಿ. ಶೋಹೊಕು ಹೈಸ್ಕೂಲಿನ ಬಾಸ್ಕೆಟ್‌ಬಾಲ್ ತಂಡ. ಕೆಂಪು ಕೂದಲಿನ ಸಕುರಾಗಿ ಆಟದ ಮೇಲಿನ ಪ್ರೀತಿಯಿಂದ ಸೇರಿದವನಲ್ಲ, ಹರುಕೊ ಅನ್ನೋ ಹುಡುಗಿಯ ಕಣ್ಣಿಗೆ ಬೀಳೋಕೆ ಸೇರಿದವನು. ಹರುಕೊಗೆ ಇಷ್ಟ ಇರೋದು ರುಕಾವಾ. ಸಕುರಾಗಿಗೂ ರುಕಾವಾಗೂ ಹಾವು ಮುಂಗುಸಿ ಸಂಬಂಧ. ಮಿತ್ಸುಯಿ ಅಂತೂ ಇದೇ ತಂಡವನ್ನು ನಾಶ ಮಾಡೋಕೆ ಜಿಮ್‌ಗೆ ನುಗ್ಗಿ ಹೊಡೆದಾಡಿ, ಆಮೇಲೆ ಅತ್ತು ವಾಪಸ್ ಬಂದವನು. ಕ್ಯಾಪ್ಟನ್ ಅಕಾಗಿ ಕೊನೆಯ ಪಂದ್ಯದ ನಡುವೆ, ನಾವೇನೂ ಸ್ನೇಹಿತರಲ್ಲ, ಆದರೂ ಇಂಥ ತಂಡ ಸಿಗಲ್ಲ ಅನ್ನೋ ಅರ್ಥದ ಮಾತು ಹೇಳ್ತಾನೆ. ‘ಗೆಳೆತನ’ವನ್ನು ಮೊದಲ ಪದವಾಗಿ ಇಟ್ಟುಕೊಂಡ ಪತ್ರಿಕೆಯಲ್ಲೇ ಇದು ಅಚ್ಚಾಯ್ತು ಅನ್ನೋದು ಸಣ್ಣ ವಿಷಯ ಅಲ್ಲ.

ರುಕಾವಾನ ಸಮಸ್ಯೆ ನಮ್ಮಲ್ಲಿ ಕೆಲವು ಒಳ್ಳೇ ಪ್ರೋಗ್ರಾಮರುಗಳ ಸಮಸ್ಯೆಯೇ: ಪಾಸ್ ಕೊಡಲ್ಲ. ಎಲ್ಲ ತಾನೇ ಮಾಡಬಲ್ಲೆ ಅನ್ನೋ ನಂಬಿಕೆ. ಕೊನೆಯ ಪಂದ್ಯದಲ್ಲಿ ದೇಶದ ನಂಬರ್ ಒನ್ ಸಾನ್ನೊ ತಂಡದ ಸವಾಕಿತಾ ಅವನನ್ನು ಒಬ್ಬಂಟಿ ಆಟದಲ್ಲಿ ಮಣಿಸ್ತಾನೆ. ಆಗ ರುಕಾವಾ ಪಾಸ್ ಕೊಡೋಕೆ ಶುರು ಮಾಡ್ತಾನೆ. ಮನಸ್ಸು ಕರಗಿ ಕೊಟ್ಟಿದ್ದಲ್ಲ, ಗೆಲ್ಲೋಕೆ ಬೇರೆ ದಾರಿ ಇಲ್ಲ ಅಂತ ಕೊಟ್ಟಿದ್ದು. ಪಾಸ್ ಕೊಡ್ತಾನೆ ಅಂತ ಗೊತ್ತಾದ ಮೇಲೆ ಎದುರಾಳಿ ಇಬ್ಬರು ಮೂವರ ಮೇಲೆ ಕಣ್ಣಿಡಬೇಕಾಗುತ್ತೆ, ಆಗ ಅವನ ಸ್ವಂತ ಆಟಕ್ಕೂ ಜಾಗ ಸಿಗುತ್ತೆ. ಕೊನೆಯ ಕ್ಷಣಗಳು. 77-78, ಒಂದು ಪಾಯಿಂಟ್ ಹಿಂದೆ. ರುಕಾವಾ ಮೇಲೆ ಹಾರಿದ್ದಾನೆ, ಎದುರಿಗೆ ಇಬ್ಬರು. ಬಲಗಡೆ ಖಾಲಿ ನಿಂತಿರೋನು ತಾನು ಮುಖ ನೋಡಲೂ ಇಷ್ಟಪಡದ ಸಕುರಾಗಿ. ಕೊಡ್ತಾನೆ. 79-78. ಆ ಪುಟಗಳಲ್ಲಿ ಮಾತೇ ಇಲ್ಲ. ಇಬ್ಬರೂ ಎದುರುಬದುರು ಬಂದು ಅಂಗೈಗೆ ಅಂಗೈ ಬಾರಿಸ್ತಾರೆ, ಮರುಗಳಿಗೆ ಮುಖ ತಿರುಗಿಸ್ತಾರೆ. ಸ್ನೇಹ ಆಯ್ತಾ? ಇಲ್ಲ. ನಂಬಿಕೆ ಆಯ್ತು. ಇನೊವೆ ಇವೆರಡನ್ನು ಬೇರೆ ಮಾಡಿ ತೋರಿಸಿದ. ಆ ಮೂರು ಪದಗಳ ಮಧ್ಯೆ ಇಲ್ಲದ ನಾಲ್ಕನೆಯದು ಅದು.

ಇದೇ ಪಂದ್ಯದಲ್ಲಿ ಇನ್ನೊಂದು ಕತ್ತಲೆ ಮೂಲೆ ಇದೆ, ಅದರ ಬಗ್ಗೆ ಜನ ಕಡಿಮೆ ಮಾತಾಡ್ತಾರೆ. ಸಕುರಾಗಿಗೆ ಬೆನ್ನಿಗೆ ಪೆಟ್ಟಾಗಿರುತ್ತೆ. ಕೋಚ್ ಅನ್‌ಝಾಯ್ ಅದನ್ನು ಮೊದಲೇ ಗಮನಿಸಿದ್ದ. ಗಮನಿಸಿಯೂ ಹೊರಗೆ ಕರೆದಿರಲಿಲ್ಲ, ಯಾಕಂದರೆ ಹುಡುಗ ಕಣ್ಣೆದುರೇ ಬೆಳೀತಿದ್ದ. ಇದನ್ನು ಅವನೇ ಒಪ್ಪಿಕೊಳ್ತಾನೆ. ಹಿಂದೆ ಕಾಲೇಜು ತಂಡದಲ್ಲಿ ಇದೇ ಅನ್‌ಝಾಯ್ ಭಾರೀ ಕಠೋರ ಕೋಚ್, ದೈಮಾತ್ಸು ಕಾಲದ ಮನುಷ್ಯ ಅನ್ನಿ. ಅವನ ಬಿಗಿ ತಾಳಲಾರದೆ ಯಝಾವಾ ಅನ್ನೋ ಶಿಷ್ಯ ಅಮೆರಿಕಕ್ಕೆ ಹೋಗಿ, ಅಲ್ಲಿ ಬೆಳೆಯಲಾಗದೆ, ಅಪಘಾತದಲ್ಲಿ ಸತ್ತಿದ್ದ. ಆಮೇಲೆಯೇ ಅನ್‌ಝಾಯ್ ಮೆತ್ತಗಾಗಿದ್ದು. ಅಂಥವನೂ ಆ ದಿನ ಒಂದು ಗಳಿಗೆ ಗೆಲುವಿನ ಕಡೆಗೆ ವಾಲಿದ. 2006ರಲ್ಲಿ ಇನೊವೆ ತನ್ನ ಗೌರವಧನದ ಒಂದು ಪಾಲಿನಿಂದ ‘ಸ್ಲ್ಯಾಮ್ ಡಂಕ್ ಸ್ಕಾಲರ್‌ಶಿಪ್’ ಶುರು ಮಾಡಿ, ಜಪಾನಿನ ಹುಡುಗರನ್ನು ಅಮೆರಿಕದ ಶಾಲೆಗೆ ಆಟ ಮತ್ತು ಓದು ಎರಡಕ್ಕೂ ಕಳಿಸೋ ವ್ಯವಸ್ಥೆ ಮಾಡಿದ. ಯಝಾವಾನ ನೆರಳು ಅದರ ಮೇಲಿದೆ ಅಂತ ನನಗನ್ನಿಸುತ್ತೆ.

ಇನ್ನು ಸಾನ್ನೊವನ್ನು ಸೋಲಿಸಿದ ಶೋಹೊಕು? ಮುಂದಿನ ಸುತ್ತಿನಲ್ಲಿ ಹೀನಾಯವಾಗಿ ಸೋತಿತು. ಇನೊವೆ ಅದನ್ನು ಒಂದು ವಾಕ್ಯದಲ್ಲಿ ಮುಗಿಸಿದ.

2008ರ ಕೊನೆಗೆ ಶುರುವಾದ ‘ಕುರೊಕೊ’ ಪ್ರಶ್ನೆಯನ್ನು ತಲೆಕೆಳಗೆ ಮಾಡಿತು. ತೇಕೊ ಮಿಡಲ್ ಸ್ಕೂಲಿನಲ್ಲಿ ಐದು ಅಸಾಧಾರಣ ಪ್ರತಿಭೆಗಳು, ಗೆಲುವೇ ಎಲ್ಲ ಅನ್ನೋ ನಿಯಮ. ಒಂದು ಫೈನಲ್‌ನಲ್ಲಿ ಬೇಜಾರಾಗಿ ಸ್ಕೋರನ್ನು ಬೇಕಂತಲೇ 111-11ಕ್ಕೆ ತಂದು ನಿಲ್ಲಿಸ್ತಾರೆ, ಬರೀ ಒಂದುಗಳ ಸಾಲು ಚೆನ್ನಾಗಿ ಕಾಣುತ್ತೆ ಅಂತ. ಎದುರು ತಂಡದಲ್ಲಿ ಇದ್ದಿದ್ದು ಕುರೊಕೊನ ಬಾಲ್ಯದ ಗೆಳೆಯ. ಅವನು ಆಟವನ್ನೇ ಬಿಡ್ತಾನೆ. ಓದುವಾಗ ಅತಿಯಾಯ್ತು ಅನ್ನಿಸಬಹುದು. ಆದರೆ ಜಪಾನಿನಲ್ಲಿ ಇದಕ್ಕೆ ‘ಶೋರಿ ಶಿಜೊ ಶುಗಿ’, ಅಂದರೆ ಗೆಲುವೇ ಪರಮ ಅನ್ನೋ ಧೋರಣೆ, ಅಂತ ಹೆಸರೇ ಇದೆ. ಅದರ ಬೆಲೆ ಬರೀ ಕಾಗದದ ಮೇಲಿನದ್ದಲ್ಲ. 2012ರ ಡಿಸೆಂಬರ್‌ನಲ್ಲಿ ಒಸಾಕಾದ ಸಕುರಾನೊಮಿಯಾ ಹೈಸ್ಕೂಲಿನ ಬಾಸ್ಕೆಟ್‌ಬಾಲ್ ಕ್ಯಾಪ್ಟನ್, 17 ವರ್ಷದ ಹುಡುಗ, ಕೋಚ್ ಕೈಯಲ್ಲಿ ಏಟು ತಿಂದ ನಂತರ ಪ್ರಾಣ ಕಳೆದುಕೊಂಡ. ಮರುವರ್ಷ ಕೋರ್ಟು ಕೋಚನ್ನು ತಪ್ಪಿತಸ್ಥ ಅಂದಿತು. 2022ರಲ್ಲಿ ಜಪಾನಿನ ಜೂಡೊ ಒಕ್ಕೂಟ ಪ್ರಾಥಮಿಕ ಶಾಲೆ ಮಕ್ಕಳ ರಾಷ್ಟ್ರೀಯ ಪಂದ್ಯಾವಳಿಯನ್ನೇ ರದ್ದು ಮಾಡಿತು. ಕೊಟ್ಟ ಕಾರಣ ಇದೇ ಧೋರಣೆ.

2012ರಲ್ಲೇ ಶುರುವಾದ ‘ಹೈಕ್ಯೂ’ ನೋಡಿ. ಕಾಗೆಯಾಮಾ ಸೆಟ್ಟರ್, ನಮ್ಮ ಕಡೆ ಲಿಫ್ಟರ್ ಅಂತಾರಲ್ಲ ಅವನು. ಅವನಿಗೆ ‘ಕೋರ್ಟಿನ ರಾಜ’ ಅಂತ ಹೆಸರು, ಅದು ಹೊಗಳಿಕೆ ಅಲ್ಲ, ಬೈಗುಳ. ಮಿಡಲ್ ಸ್ಕೂಲಿನಲ್ಲಿ ಅವನು ಎತ್ತಿಕೊಟ್ಟ ಚೆಂಡನ್ನು ಹೊಡೆಯೋಕೆ ಒಂದು ದಿನ ಯಾರೂ ಹಾರಲಿಲ್ಲ. ಚೆಂಡು ಸುಮ್ಮನೆ ನೆಲಕ್ಕೆ ಬಿತ್ತು. ವಾಲಿಬಾಲಿನಲ್ಲಿ ಚೆಂಡು ಹಿಡಿದುಕೊಳ್ಳೋ ಹಾಗಿಲ್ಲ, ಒಬ್ಬನೇ ಎರಡು ಸಲ ಸತತ ಮುಟ್ಟೋ ಹಾಗಿಲ್ಲ. ಇನ್ನೊಬ್ಬ ಬರದಿದ್ದರೆ ಆಟವೇ ಇಲ್ಲ. ಹರುಇಚಿ ಫುರುದಾತೆ ಎಂಟು ವರ್ಷ, 402 ಅಧ್ಯಾಯ ಬರೆದಿದ್ದು ಈ ಒಂದು ನಿಯಮದ ಮೇಲೆ. ಕೊನೆಗೆ ಕಾಗೆಯಾಮಾ ಮತ್ತು ಹಿನಾತಾ ಬೇರೆ ಬೇರೆ ಕ್ಲಬ್ ಸೇರಿ ಎದುರುಬದುರು ಆಡ್ತಾರೆ, ಯಾರಿಗೂ ಅದು ದ್ರೋಹ ಅನ್ನಿಸಲ್ಲ. ಬಾನ್ ಎದುರು ತಂಡಕ್ಕೆ ಹೋದಾಗ ಆಕಾಶ ಕಳಚಿ ಬಿದ್ದಿತ್ತು, ನೆನಪಿದೆಯಲ್ಲ? ಕೆಲಸ ಬಿಟ್ಟು ಬೇರೆ ಕಂಪನಿ ಸೇರಿದ ಗೆಳೆಯನ ಜೊತೆ ಭಾನುವಾರ ಕಾಫಿ ಕುಡಿಯೋ ನಮಗೆ ಇದು ಬೇಗ ಅರ್ಥ ಆಗುತ್ತೆ.

2018ರ ಜುಲೈನಲ್ಲಿ ಜಪಾನ್ ವಿಶ್ವಕಪ್‌ನಲ್ಲಿ ಬೆಲ್ಜಿಯಂ ವಿರುದ್ಧ 2-0 ಮುಂದಿದ್ದು 3-2ರಿಂದ ಸೋತಿತು. ಆಗಸ್ಟ್‌ನಲ್ಲಿ ‘ಬ್ಲೂ ಲಾಕ್’ ಶುರು, ಹ್ಯೂಮಾನ ಕಥೆ ಬಂದ ಅದೇ ಶೋನೆನ್ ಮ್ಯಾಗಜಿನ್‌ನಲ್ಲಿ. ಇಸಾಗಿ ಗೋಲಿನ ಮುಂದೆ ತಾನು ಹೊಡೆಯದೆ ಜೊತೆಗಾರನಿಗೆ ಪಾಸ್ ಕೊಡ್ತಾನೆ, ಚೆಂಡು ಕಂಬಕ್ಕೆ ಬಡಿಯುತ್ತೆ, ತಂಡ ಸೋಲುತ್ತೆ. ಆಮೇಲೆ 300 ಫಾರ್ವರ್ಡ್‌ಗಳನ್ನು ಒಂದು ಕಟ್ಟಡದಲ್ಲಿ ಕೂಡಿಹಾಕಿ, ಸ್ವಾರ್ಥಿಯಾಗು ಅಂತ ಪಾಠ. ನಮ್ಮ ಹುಡುಗರಿಗೆ ಇದು ಯಾಕೆ ಹಿಡಿಸುತ್ತೆ ಅಂತ ಹೇಳಬೇಕಾಗಿಲ್ಲ, ಎಂಟ್ರೆನ್ಸ್ ಪರೀಕ್ಷೆ ಬರೆದ ದೇಶ ನಮ್ಮದು. ಆದರೆ ತಮಾಷೆ ನೋಡಿ, ಇಸಾಗಿಯ ದೊಡ್ಡ ಶಕ್ತಿ ಕಾಲಲ್ಲಿಲ್ಲ, ಕಣ್ಣಲ್ಲಿದೆ. ಉಳಿದ ಎಲ್ಲರೂ ಎಲ್ಲೆಲ್ಲಿ ಇದ್ದಾರೆ ಅಂತ ಅವನಿಗೆ ಸದಾ ಗೊತ್ತಿರುತ್ತೆ. ಇಷ್ಟೊಂದು ಜನರನ್ನು ಗಮನಿಸೋ ಸ್ವಾರ್ಥಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾಲ್ಕು ವರ್ಷ ಬಿಟ್ಟು, 2022ರ ಡಿಸೆಂಬರ್ 1, ಕತಾರ್. ಜಪಾನ್ ಮತ್ತು ಸ್ಪೇನ್, 1-1. ಚೆಂಡು ಗೆರೆ ದಾಟಿಯೇ ಬಿಟ್ಟಿತು ಅನ್ನೋವಾಗ ಕಾವೊರು ಮಿತೊಮಾ ಓಡಿಬಂದು ಅದನ್ನು ಹಿಂದಕ್ಕೆ ತಳ್ಳಿದ. ಅವೊ ತನಾಕಾ ಗೋಲು ಮಾಡಿದ. ವಿಡಿಯೋ ರೆಫರಿ ನೋಡಿ ಗೋಲು ಒಪ್ಪಿದರು, ಚೆಂಡು ಗೆರೆಯ ಮೇಲೆ ಕೂದಲೆಳೆಯಷ್ಟು ಉಳಿದಿತ್ತು. ಇವರಿಬ್ಬರೂ ಕವಾಸಾಕಿ ಊರಿನ ಒಂದೇ ಪ್ರಾಥಮಿಕ ಶಾಲೆಯವರು, ಚಿಕ್ಕಂದಿನಲ್ಲಿ ಒಂದೇ ಕ್ಲಬ್ಬಿನಲ್ಲಿ ಆಡಿದವರು. ಎರಡು ದಿನ ಬಿಟ್ಟು ಜಪಾನಿನ ಚಿತ್ರಮಂದಿರಗಳಲ್ಲಿ ಇನೊವೆಯೇ ನಿರ್ದೇಶಿಸಿದ ‘ದಿ ಫಸ್ಟ್ ಸ್ಲ್ಯಾಮ್ ಡಂಕ್’ ತೆರೆ ಕಂಡಿತು, ಸಾನ್ನೊ ವಿರುದ್ಧದ ಅದೇ ಪಂದ್ಯ. ಇನ್ನೆರಡು ದಿನ ಬಿಟ್ಟು ಜಪಾನ್ ಪೆನಾಲ್ಟಿಯಲ್ಲಿ ಕ್ರೊವೇಷಿಯಾಗೆ ಸೋತು ಮನೆಗೆ ಹೋಯ್ತು.