ಕೊನೇ ಸಾಲಿಲ್ಲದ ಕ್ಲಾಸು

ದಿನಾ ಬೆಳಿಗ್ಗೆ ಆಫೀಸಲ್ಲಿ ಸ್ಟ್ಯಾಂಡಪ್ ಮೀಟಿಂಗ್. ಎಲ್ಲರೂ ದುಂಡಗೆ ನಿಂತು ಒಬ್ಬೊಬ್ಬರೇ ಮಾತಾಡಬೇಕು. ನನ್ನ ಸರದಿ ಹತ್ತಿರ ಬಂದಂತೆ ಇವತ್ತಿಗೂ ಎದೆ ಡವಡವ. ಕಾರಣ ಹುಡುಕಿದರೆ 1995ಕ್ಕೆ ಹೋಗಬೇಕು. ಆಗ ನಾನು ಸುಗಟೂರಲ್ಲಿ ಎರಡನೇ ಕ್ಲಾಸು. ಮನೇಲಿ ತೆಲುಗು, ಪುಸ್ತಕದಲ್ಲಿ ಕನ್ನಡ. ತಪ್ಪಾಡಿದರೆ ನಗ್ತಾರೆ ಅಂತ ಕೊನೇ ಸಾಲಲ್ಲಿ ಬಾಯಿ ಮುಚ್ಚಿ ಕೂತವನು.

ಅದೇ 1995ರಲ್ಲಿ ಹೆಗ್ಗಡದೇವನಕೋಟೆಯ ಕೆಲವು ಮೇಷ್ಟ್ರುಗಳು ಯುನಿಸೆಫ್ ನೆರವಿನಿಂದ ರಿಷಿವ್ಯಾಲಿ ನೋಡಲು ಹೋದರು. ಅದಿರೋದು ಮದನಪಲ್ಲಿ ಹತ್ತಿರ, ನಮ್ಮ ಶ್ರೀನಿವಾಸಪುರ ದಾಟಿದರೆ ಗಡಿಯಾಚೆ. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಗುಂಪುಗುಂಪಾಗಿ ಕೂತು, ಕಾರ್ಡು ಹಿಡಿದು, ತಂತಮ್ಮ ವೇಗದಲ್ಲಿ ಕಲೀತಿದ್ರು. ನೋಡಿ ಬಂದವರು ಕಟ್ಟಿದ್ದೇ ನಲಿ-ಕಲಿ. ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಅದು ಬಂದದ್ದು 2009-10ರಲ್ಲಿ. ನಮ್ಮ ಪಕ್ಕದ ವಿದ್ಯೆ, ಮೈಸೂರು ಸುತ್ತಿ ನಾಡೆಲ್ಲ ಹಬ್ಬೋಕೆ 14 ವರ್ಷ! ಅಷ್ಟರಲ್ಲಿ ನನ್ನ ಶಾಲೆ ಮುಗಿದಿತ್ತು.

ಉತ್ತರ ಅಮೆರಿಕದ ಹಲವು ಮೂಲನಿವಾಸಿಗಳಲ್ಲಿ ದುಂಡಗೆ ಕೂತು ಮಾತಾಡೋ ಪದ್ಧತಿಯಿದೆ. ಗರಿಯೋ ಕೋಲೋ ಕೈಯಿಂದ ಕೈಗೆ ಹೋಗುತ್ತೆ. ಹಿಡಿದವರು ಮಾತಾಡ್ತಾರೆ, ಉಳಿದವರು ಕೇಳ್ತಾರೆ. ಅಲ್ಲಿ ಕೆಲವು ಮೇಷ್ಟ್ರುಗಳು ಇದನ್ನು ಕ್ಲಾಸಿಗೂ ತಂದಿದ್ದಾರೆ. ನಲಿ-ಕಲಿಯ ದುಂಡು ಕಲಿಯೋದಕ್ಕೆ, ಅವರ ದುಂಡು ಕೇಳಿಸಿಕೊಳ್ಳೋದಕ್ಕೆ. ಎರಡರಲ್ಲೂ ಅಡಗಿ ಕೂರೋಕೆ ಕೊನೇ ಸಾಲಿಲ್ಲ.

ಕಳೆದ ಸಲ ಊರಿಗೆ ಹೋದಾಗ ನಲಿ-ಕಲಿ ಕ್ಲಾಸಿನ ಅಕ್ಕನ ಮಗಳು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಕತೆ ಹೇಳ್ತಿದ್ದಳು. ತಿದ್ದೋಕೆ ಬಾಯಿ ತೆಗೆದೆ. "ಇರು ಮಾಮ, ಇನ್ನೂ ನನ್ ಸರದಿ" ಅಂದಳು.

ಸುಮ್ಮನೆ ಕೂತು ಕೇಳಿದೆ.